ಜೇವರ್ಗಿಯ ಗಡಿಗೆ, ರೋಮಿನ ಗಡಿಯಾರ

ಸತ್ತವರ ಸಂಗಡ ಪಾತ್ರೆ-ಪಡಗ ಹೂಳುವ ರೂಢಿ ಯಾವುದೊಂದು ನಾಡಿನ ಸೊತ್ತಲ್ಲ. ರೋಮನರು ಹೂಳುತ್ತಿದ್ದರು, ನಮ್ಮ ಭೀಮೆಯ ದಂಡೆಯ ಜನವೂ ಹೂಳುತ್ತಿದ್ದರು. ಆದರೆ ರೋಮನರ ಗೋರಿಯ ಬಟ್ಟಲಿಗೆ ವಿದ್ವತ್‌ಪ್ರಪಂಚದಲ್ಲಿ ಸಂದ ಮರ್ಯಾದೆ ಜೇವರ್ಗಿಯ ಗೋರಿಯ ಬಟ್ಟಲಿಗೆ ಇನ್ನೂ ಸಂದಿಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ನಮ್ಮ ಗಡಿಗೆಯ ವಯಸ್ಸನ್ನು ಅವರ ತಟ್ಟೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದ ಕಾಲವೊಂದಿತ್ತು. ಆ ಲೆಕ್ಕ ಸಾವಿರ ವರ್ಷದಷ್ಟು ತಪ್ಪಿತು. ತಪ್ಪಿದ ಲೆಕ್ಕವೇ ಇಂದಿಗೂ ಕೆಲವು ಕೈಪಿಡಿಗಳಲ್ಲಿ ಉಳಿದುಕೊಂಡಿದೆ. ಈ ಕಥೆ ಎರಡು ಪುಸ್ತಕಗಳನ್ನು ಮಗ್ಗುಲಲ್ಲಿಟ್ಟು ಓದಿದರೆ ಚೆನ್ನಾಗಿ ತಿಳಿಯುತ್ತದೆ. ಒಂದು, ಸರ್ ಮಾರ್ಟಿಮರ್ ವ್ಹೀಲರರು ೧೯೫೪ರಲ್ಲಿ ಪ್ರಕಟಿಸಿದ ‘ರೋಮ್ ಬಿಯಾಂಡ್ ದಿ ಇಂಪೀರಿಯಲ್ ಫ್ರಾಂಟಿಯರ್ಸ್’. ಇನ್ನೊಂದು, ಕರ್ನಲ್ ಮೆಡೋಸ್ ಟೇಲರನು ಸುರಪುರ ಸೀಮೆಯ ಹಳೆಯ ಗೋರಿಗಳ ಮೇಲೆ ಬರೆದ ಲೇಖನಗಳನ್ನು ಒಟ್ಟುಗೂಡಿಸಿ ಹೈದರಾಬಾದಿನ ಪ್ರಾಕ್ತನ ಇಲಾಖೆ ೧೯೪೧ರಲ್ಲಿ ಹೊರತಂದ ಸಂಪುಟ. ಮೊದಲನೆಯದು ದೊಡ್ಡ ಗ್ರಂಥಾಲಯಗಳಲ್ಲಿ ಸಿಕ್ಕೀತು. ಎರಡನೆಯದನ್ನು ಹುಡುಕಿಕೊಂಡು ಅಲೆಯಬೇಕು.

ರೋಮನರ ಪದ್ಧತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸಾಮ್ರಾಜ್ಯದ ಮೊದಲ ಶತಮಾನಗಳಲ್ಲಿ ಅವರಲ್ಲಿ ದಹನವೇ ಹೆಚ್ಚು. ಬೂದಿ-ಎಲುಬು ಒಂದು ಕುಡಿಕೆಯಲ್ಲಿ. ಅದರ ಸುತ್ತ ಒಂದು ದೀಪ, ಸುಗಂಧದೆಣ್ಣೆಯ ಗಾಜಿನ ಸೀಸೆ, ಒಂದೆರಡು ತಟ್ಟೆ, ಒಂದು ಬಟ್ಟಲು, ಪರಲೋಕದ ಅಂಬಿಗನಿಗೆ ಕೊಡಲೊಂದು ನಾಣ್ಯ. ತಟ್ಟೆ-ಬಟ್ಟಲುಗಳು ಬಹುಮಟ್ಟಿಗೆ ಹೊಳೆಯುವ ಕೆಂಪು ಮಣ್ಣಿನವು. ಇಟಲಿಯ ಅರೆತ್ಸೊ ಊರಿನಲ್ಲಿ ಮೊದಲು ಹೆಸರಾಗಿ, ಆಮೇಲೆ ಗಾಲ್ ದೇಶದಲ್ಲಿ ಲಕ್ಷಗಟ್ಟಲೆ ತಯಾರಾದ ಸಾಮಾನು. ತಳದಲ್ಲಿ ಕುಂಬಾರನ ಮುದ್ರೆ. ಬಡವನಿಗೆ ಅದೂ ಇಲ್ಲ. ಎಣ್ಣೆಯೋ ದ್ರಾಕ್ಷಾರಸವೋ ಬಂದ ದೊಡ್ಡ ಹರವಿಯನ್ನೇ ಒಡೆದು ಅದರಲ್ಲಿ ಕೂಸನ್ನಿಟ್ಟು ಮುಚ್ಚಿದ ಗೋರಿಗಳು ರೋಮಿನ ಹತ್ತಿರದ ಒಸ್ತಿಯಾ ಬಂದರದ ಸ್ಮಶಾನದಲ್ಲಿವೆ. ಕೆಲವು ಗೋರಿಗಳಿಗೆ ಮೇಲಿನಿಂದ ಒಂದು ಮಣ್ಣಿನ ಕೊಳವೆ. ಫೆಬ್ರುವರಿಯಲ್ಲಿ ಬರುವ ಹಿರಿಯರ ಹಬ್ಬದ ದಿವಸ ಮಕ್ಕಳು ಬಂದು ಅದರೊಳಗೆ ಮದ್ಯ, ಹಾಲು ಹೊಯ್ಯುತ್ತಿದ್ದರು. ಪಕ್ಷಮಾಸದಲ್ಲಿ ಎಡೆ ಇಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ವ್ಹೀಲರರ ಪುಸ್ತಕದ ಸ್ವಾರಸ್ಯವಿರುವುದು ರೋಮಿನ ಒಳಗಿನ ಗೋರಿಗಳಲ್ಲಿ ಅಲ್ಲ, ಹೊರಗಿನವುಗಳಲ್ಲಿ. ಗಡಿಯಾಚೆಯ ಜರ್ಮನ್ ನಾಯಕರು ರೋಮಿನ ಬಟ್ಟಲುಗಳನ್ನು ಪಡೆದು, ಬದುಕಿದ್ದಾಗ ಅದರಲ್ಲಿ ಕುಡಿದು, ಸತ್ತಾಗ ಸಂಗಡ ಒಯ್ದರು. ಡೆನ್ಮಾರ್ಕಿನ ಹೋಬಿ ಎಂಬಲ್ಲಿ ೧೯೨೦ರಲ್ಲಿ ಅಂಥ ಒಂದು ಗೋರಿ ಸಿಕ್ಕಿತು. ಅದರಲ್ಲಿದ್ದ ಎರಡು ಬೆಳ್ಳಿಯ ಬಟ್ಟಲುಗಳಲ್ಲಿ ಒಂದರ ಮೇಲೆ, ಮಗನ ಹೆಣ ಬೇಡಲು ಬಂದ ಮುದಿ ಅರಸ ಪ್ರಿಯಾಮನು ಕೊಂದವನ ಕೈಗೇ ಮುತ್ತಿಡುವ ಚಿತ್ರವಿದೆ. ತಳದಲ್ಲಿ ಗೀರಿದ ಹೆಸರು ಸಿಲಿಯಸ್. ಕ್ರಿ.ಶ. ೧೪ರಿಂದ ೨೧ರವರೆಗೆ ರೈನ್ ನದಿಯ ಮೇಲ್ದಂಡೆಯಲ್ಲಿ ಇದೇ ಹೆಸರಿನ ರೋಮನ್ ಸೇನಾಪತಿಯಿದ್ದ. ಗ್ರೀಕ್ ಅಕ್ಷರ ಬಾರದ ಒಬ್ಬ ನಾಯಕ, ಹೋಮರನ ಕಥೆಯನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಮಲಗಿದ್ದಾನೆ. ಓದುತ್ತಿದ್ದಂತೆ ನನಗೊಂದು ಪ್ರಶ್ನೆ ಹುಟ್ಟಿತು. ಉತ್ತರದ ಹಿಮದ ನಾಡಿನಲ್ಲಿ ಹೀಗಾದ ಮೇಲೆ, ರೋಮಿನೊಡನೆ ಅದಕ್ಕಿಂತ ದೊಡ್ಡ ವ್ಯಾಪಾರವಿದ್ದ ದಕ್ಷಿಣಾಪಥದ ಗೋರಿಗಳಲ್ಲಿ ಇಂಥದೊಂದು ಬಟ್ಟಲು ಏಕಿಲ್ಲ?

ಬರಲು ದಾರಿಯಿರಲಿಲ್ಲ ಎನ್ನುವಂತಿಲ್ಲ. ನಕಾಶೆ ತೆಗೆದು ತೇರ್ ಎಂಬ ಊರಿನಿಂದ ಸನ್ನತಿಗೆ ಒಂದು ಗೆರೆ ಎಳೆಯಿರಿ. ತೇರ್ ಈಗ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿದೆ. ಗ್ರೀಕ್ ನಾವಿಕನೊಬ್ಬ ಪೈಠಣದಿಂದ ಪೂರ್ವಕ್ಕೆ ಹತ್ತು ದಿನದ ಹಾದಿ ಎಂದು ಬರೆದಿಟ್ಟ ತಗರ ಪಟ್ಟಣ ಅದೇ. ಅಲ್ಲಿಂದ ಬಟ್ಟೆಯ ಮೂಟೆಗಳು ಗಾಡಿಯ ಮೇಲೆ ಭರುಕಚ್ಛದ ಬಂದರಕ್ಕೆ ಹೋಗುತ್ತಿದ್ದವು. ೭೯ರಲ್ಲಿ ಬೂದಿಯಲ್ಲಿ ಮುಳುಗಿದ ಪಾಂಪೇ ನಗರದ ಮನೆಯೊಂದರಲ್ಲಿ ಸಿಕ್ಕ ದಂತದ ಗೊಂಬೆಗೆ ಒಡಹುಟ್ಟಿನಂಥ ಗೊಂಬೆ ತೇರ್‌ನಲ್ಲೂ ಸಿಕ್ಕಿದೆ. ಇನ್ನು ಸನ್ನತಿ, ಭೀಮೆಯ ದಂಡೆಯ ಸಾತವಾಹನರ ಊರು. ಅದರ ಮಗ್ಗುಲ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ಸ್ತೂಪವನ್ನು ಅಗೆದು ತೆಗೆದಾಗ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪವೇ ಹೊರಬಂತು. ನೀವು ಎಳೆದ ಗೆರೆ ಆಳಂದವನ್ನೂ ಜೇವರ್ಗಿಯನ್ನೂ ಸವರಿಕೊಂಡು ಹೋಗುತ್ತದೆ. ಅಫಜಲಪುರ ಅದರ ಪಡುವಣಕ್ಕೆ ತುಸು ದೂರ ಉಳಿಯುತ್ತದೆ. ಹಳೆಯ ಸಾರ್ಥರ ಹಾದಿ ಇದೇ ಎಂದು ನಾನು ಹೇಳುತ್ತಿಲ್ಲ. ಎತ್ತಿನ ಗಾಡಿ ಗೆರೆ ಎಳೆದಂತೆ ನಡೆಯುವುದಿಲ್ಲ. ಆದರೂ ಅಮರ್ಜಾ ಭೀಮೆಗಳ ಸಂಗಮದ ಈ ಕರಿನೆಲ, ಲೋಕದ ಪೇಟೆಗೆ ಬೆನ್ನುಹಾಕಿ ಕುಳಿತಿದ್ದ ಮೂಲೆಯಲ್ಲ.

ಈಗ ಟೇಲರನ ಸಂಪುಟಕ್ಕೆ ಬರೋಣ. ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತ ನಿಜಾಮನ ಸೇವೆಗೆ ಸೇರಿ, ೧೮೪೧ರಿಂದ ಹನ್ನೆರಡು ವರ್ಷ ಸುರಪುರದ ಎಳೆಯ ರಾಜನ ಪರವಾಗಿ ಸಂಸ್ಥಾನದ ಆಡಳಿತ ನೋಡಿದ. ಕೆರೆ ಕಟ್ಟಿಸಿದ, ಕಂದಾಯ ಸರಿಮಾಡಿದ, ಚಿತ್ರ ಬರೆದ, ಕಾದಂಬರಿ ಬರೆದ. ಬಿಡುವಾದಾಗ ಗೋರಿ ಅಗೆದ. ಫಿರೋಜಾಬಾದಿನ ಹಾಳುಕೋಟೆಗೆ ಎದುರಾಗಿ ಭೀಮೆಯ ಈಚೆ ಇರುವ ಜೇವರ್ಗಿಯ ಶಿಲಾವೃತ್ತಗಳನ್ನು ಕುರಿತ ಅವನ ಬರಹ ಮುಂಬಯಿಯ ಏಷ್ಯಾಟಿಕ್ ಸಂಘದ ಪತ್ರಿಕೆಯಲ್ಲಿ ೧೮೫೦ರ ದಶಕದ ಆರಂಭದಲ್ಲೇ ಬಂತು. ವಿಸ್ತಾರವಾದ ಪ್ರಬಂಧವನ್ನು ೧೮೬೨ರಲ್ಲಿ ಐರ್ಲೆಂಡಿನ ವಿದ್ವತ್ಸಭೆಯ ಮುಂದಿಟ್ಟ.

ಆ ಪ್ರಬಂಧ ಓದಲು ಬಲು ಸೊಗಸು. ಕಲ್ಲಿನ ಸುತ್ತು, ಅದರೊಳಗಿನ ಗುಪ್ಪೆ, ಗುಪ್ಪೆ ಸರಿಸಿದರೆ ಮಣ್ಣು, ಅದರ ಕೆಳಗೆ ಹಾಸುಗಲ್ಲಿನ ಪೆಟ್ಟಿಗೆ, ಅದರಲ್ಲಿ ಎಲುಬು, ಕಬ್ಬಿಣದ ಭಲ್ಲೆ-ಬಾಣದ ಮೊನೆ, ಕಪ್ಪು ಕೆಂಪಿನ ಗಡಿಗೆಗಳು — ಒಂದೊಂದು ಪದರವನ್ನೂ ಅವನು ಕಂಡಂತೆ ಹೇಳುತ್ತಾನೆ, ಕಂಡಂತೆ ಬರೆದು ತೋರಿಸುತ್ತಾನೆ. ಗೋರಿಯನ್ನು ನಟ್ಟನಡುವೆ ಸೀಳಿದಂತೆ ತೋರಿಸುವ ಅವನ ಚಿತ್ರವನ್ನು, ನೂರು ವರ್ಷವಾದ ಮೇಲೆ ವ್ಹೀಲರರು ‘ಆರ್ಕಿಯಾಲಜಿ ಫ್ರಮ್ ದಿ ಅರ್ತ್’ ಎಂಬ ಗ್ರಂಥದಲ್ಲಿ ಎತ್ತಿ ತೋರಿಸಿ ಹೊಗಳಿದ್ದಾರೆ. ಹೊಗಳಿಕೆ ಸರಿಯಾದದ್ದೇ. ಯೂರೋಪಿನಲ್ಲೇ ಹಲವರು ಗೋರಿಯನ್ನು ಕೊಳ್ಳೆ ಹೊಡೆಯುವಂತೆ ಅಗೆಯುತ್ತಿದ್ದಾಗ, ಇಲ್ಲಿ ಜೇವರ್ಗಿಯ ಹೊಲದಲ್ಲಿ ಒಬ್ಬ ಮನುಷ್ಯ ಮಣ್ಣಿನ ಪದರಗಳ ಬಣ್ಣ ನೋಡುತ್ತ ಕುಳಿತಿದ್ದ.

ಕಣ್ಣು ಇಷ್ಟು ನಿಚ್ಚಳವಾದವನ ಅರ್ಥವಿವರಣೆ ಮಾತ್ರ ದಾರಿ ತಪ್ಪುತ್ತದೆ. ಕೆಲವು ಗೋರಿಗಳಲ್ಲಿ ತಲೆಬುರುಡೆ ದೇಹದಿಂದ ಬೇರೆಯಾಗಿ ಬಿದ್ದಿದ್ದನ್ನು ಕಂಡ ಟೇಲರ್, ಯಜಮಾನನೊಡನೆ ಆಳುಗಳನ್ನು ಕಡಿದು ಹಾಕಿದ್ದಾರೆ, ಇದು ನರಬಲಿ ಎಂದು ತೀರ್ಮಾನಿಸಿದ. ಎಲ್ಲ ಗೋರಿಗಳಿಗೂ ಒಂದೇ ವಿವರಣೆ ಹೊಂದಲಾರದು. ಆದರೆ ೧೯೪೭ರ ಬ್ರಹ್ಮಗಿರಿಯ ಅಗೆತದಿಂದೀಚೆಗೆ ನಮಗೆ ಇನ್ನೊಂದು ಸಂಗತಿ ತಿಳಿದಿದೆ. ಈ ಜನರಲ್ಲಿ ಅನೇಕರು ಹೆಣವನ್ನು ಮೊದಲು ಬೇರೆಡೆ ಇಟ್ಟು, ಮಾಂಸ ಕಳೆದ ಮೇಲೆ ಆರಿಸಿದ ಎಲುಬುಗಳನ್ನು ತಂದು ಗೋರಿಯಲ್ಲಿ ಸೇರಿಸುತ್ತಿದ್ದರು. ಬುರುಡೆ ಬೇರೆ, ತೋಳೆಲುಬು ಬೇರೆಯಾಗಿರಲು ಕತ್ತಿಯೇ ಬೇಕಾಗಿಲ್ಲ. ಟೇಲರನಿಗೆ ಕತ್ತಿಯೇ ಏಕೆ ಮೊದಲು ಕಂಡಿತು? ೧೮೩೯ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಬರೆದು ಇಂಗ್ಲೆಂಡಿನ ಓದುಗರನ್ನು ನಡುಗಿಸಿದ ಲೇಖಕ ಅವನು. ದಾರಿಹೋಕರ ಕೊರಳಿಗೆ ರುಮಾಲು ಬಿಗಿದು, ಮೊದಲೇ ತೋಡಿಟ್ಟ ಗುಂಡಿಗೆ ಹಾಕಿ ಮುಚ್ಚುವ ಠಕ್ಕರ ಕಥೆಯನ್ನು ತಿದ್ದಿ ತೀಡಿದ ಲೇಖನಿ, ಹನ್ನೆರಡು ವರ್ಷದ ಮೇಲೆ ಜೇವರ್ಗಿಯ ಗುಂಡಿಯೊಳಗೆ ಇಳಿದಾಗಲೂ ಕೊಲೆಯನ್ನೇ ಹುಡುಕಿತೆಂದು ನನಗೆ ತೋರುತ್ತದೆ. ಕಾದಂಬರಿಕಾರ ಪ್ರಾಕ್ತನಜ್ಞನಾದದ್ದು ವರ್ಣನೆಗೆ ಲಾಭವಾಯಿತು, ತೀರ್ಮಾನಕ್ಕೆ ನಷ್ಟವಾಯಿತು.

ಅವನ ಎರಡನೆಯ ತೊಡಕು ಹೆಸರಿನದು. ಪ್ರಬಂಧದ ಶೀರ್ಷಿಕೆಯಲ್ಲೇ ಕೆಲ್ಟ್, ಡ್ರುಯಿಡ್, ಶಕ ಎಂದು ಮೂರು ಪರದೇಶದ ಜನ ಬರುತ್ತಾರೆ. ಬ್ರಿಟನ್-ಐರ್ಲೆಂಡುಗಳ ಕಲ್ಲುಗೋರಿಗೂ ಜೇವರ್ಗಿಯ ಕಲ್ಲುಗೋರಿಗೂ ರೂಪಸಾಮ್ಯ ಕಂಡೊಡನೆ, ಒಂದೇ ಕುಲ ಇಬ್ಬಗೆಯಾಗಿ ಹರಡಿತೆಂಬ ನಂಬಿಕೆ. ಸಭೆ ಐರ್ಲೆಂಡಿನದು, ಕೇಳುವವರು ಐರಿಷರು. ಅವರಿಗೆ ಹಿತವಾಗುವ ಹೋಲಿಕೆ. ಇದೇ ಸಂಪುಟದಲ್ಲಿ ಅವನು ಊರವರ ಬಾಯಿಂದ ಕೇಳಿ ಬರೆದಿಟ್ಟ ಹೆಸರೂ ಇದೆ, ಮೊರೇರ ಮನೆ. ಮೋಟು ಜನ ಕಟ್ಟಿಕೊಂಡ ಕಲ್ಲಿನ ಮನೆಗಳು ಎಂಬ ಕಥೆಯೂ ಅದರ ಬೆನ್ನಿಗಿದೆ. ಇಂದಿಗೂ ಕೊಪ್ಪಳದ ಹಿರೇಬೆಣಕಲ್ಲಿನ ಗುಡ್ಡವನ್ನು ಜನ ಮೊರೇರ ಗುಡ್ಡವೆನ್ನುತ್ತಾರೆ. ಊರವರ ಹೆಸರು ಟಿಪ್ಪಣಿಯಾಯಿತು, ಪರದೇಶದ ಹೆಸರು ತಲೆಬರಹವಾಯಿತು. ಸಂಪುಟದ ಮೇಲೆ ನನ್ನ ದೊಡ್ಡ ಆಕ್ಷೇಪ ಇದೇ. ಊರವರು ಹೇಳಿದ್ದು ಇತಿಹಾಸವೆಂದಲ್ಲ. ಅವರು ಈ ಗೋರಿಗಳೊಡನೆ ಬಾಳಿದವರು, ಹೊರಗಿನಿಂದ ಒಬ್ಬ ಡ್ರುಯಿಡನನ್ನು ಕರೆಸುವ ಗರಜು ಅವರಿಗಿರಲಿಲ್ಲ.

ವ್ಹೀಲರರಲ್ಲಿ ಡ್ರುಯಿಡರಿಲ್ಲ. ಅವರದು ಬೇರೆ ಶಿಸ್ತು, ಬೇರೆ ಮೋಹ. ಬ್ರಿಟನ್ನಿನಲ್ಲಿ ವೆರುಲಾಮಿಯಂ ಪಟ್ಟಣವನ್ನೂ ಮೇಡನ್ ಕ್ಯಾಸಲ್ ಕೋಟೆಯನ್ನೂ ೧೯೩೦ರ ದಶಕದಲ್ಲಿ ಅಗೆದು ಪಳಗಿದವರು. ಅಲ್ಲಿ ಯಾವ ಪದರದ ವಯಸ್ಸು ತಿಳಿಯಬೇಕಾದರೂ ಅದರಲ್ಲಿ ಬಿದ್ದ ರೋಮನ್ ಕೆಂಪು ತಟ್ಟೆಯ ಚೂರು ನೋಡಿದರಾಯಿತು. ೧೯೪೪ರಲ್ಲಿ ಭಾರತದ ಪ್ರಾಕ್ತನ ಇಲಾಖೆಯ ಮುಖ್ಯಸ್ಥರಾಗಿ ಬಂದಾಗ ದಕ್ಷಿಣದಲ್ಲಿ ಇಂಥ ಗಡಿಯಾರವೇ ಇರಲಿಲ್ಲ. ಮದರಾಸಿನ ವಸ್ತುಸಂಗ್ರಹಾಲಯದ ಕಪಾಟಿನಲ್ಲಿ ಕೈಯಾಡಿಸುತ್ತಿದ್ದಾಗ ಮೆಡಿಟರೇನಿಯನ್ ಕಡೆಯ ಹರವಿಯ ತುಂಡು ಸಿಕ್ಕಿತು. ಅದರ ಜಾಡು ಹಿಡಿದು ಪುದುಚೇರಿಗೆ ಹೋದರು. ೧೯೪೫ರಲ್ಲಿ ಅರಿಕಮೇಡು ಅಗೆದರು. ಅರೆತ್ಸೊದ ತಟ್ಟೆ ಸಿಕ್ಕಿತು. ಅವರ ಆತ್ಮಕಥೆಯಲ್ಲಿ ಈ ಭಾಗ ಪತ್ತೇದಾರಿ ಕಥೆಯಂತೆ ಓಡುತ್ತದೆ.

ಇಲ್ಲಿಂದ ಮುಂದೆ ತರ್ಕದ ಸರಪಳಿಯನ್ನು ಓದುಗರು ಸ್ವಲ್ಪ ಸಾವಧಾನದಿಂದ ನೋಡಬೇಕು. ಅರೆತ್ಸೊದ ತಟ್ಟೆಗಳ ಕಾಲ ಇಟಲಿಯಲ್ಲಿ ಗೊತ್ತು, ಕ್ರಿ.ಶ. ಮೊದಲ ಶತಮಾನದ ನಡುವಿಗೆ ಅವು ನಿಂತವು. ಅರಿಕಮೇಡುವಿನಲ್ಲಿ ಅವುಗಳ ಜೊತೆ, ತಳದಲ್ಲಿ ಚಕ್ರದಿಂದ ಸಾಲುಚುಕ್ಕೆ ಗೀರಿದ ನುಣುಪಾದ ಒಂದು ಬಗೆಯ ತಟ್ಟೆ ಸಿಕ್ಕಿತು. ಅಂಥದೇ ತಟ್ಟೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಸಾತವಾಹನರ ಪದರದಲ್ಲಿ ಸಿಕ್ಕಿತು. ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿಯ ನಾಣ್ಯವೂ ಇತ್ತು. (ಈ ಎರಡೂ ನೆಲೆಗಳನ್ನು ವ್ಹೀಲರರಿಗಿಂತ ಮೊದಲೇ ಅಗೆದವರು ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣ. ಅವರ ಚಂದ್ರವಳ್ಳಿಯ ಅಗೆತ ೧೯೨೯ರದು. ಈ ಹೆಸರನ್ನು ನಾವೇ ಮರೆತು ಪರರನ್ನು ದೂರುವುದರಲ್ಲಿ ಅರ್ಥವಿಲ್ಲ.) ಸಾತವಾಹನ ಪದರದ ಕೆಳಗೆ ಗೋರಿ ಕಟ್ಟಿದ ಜನರ ಪದರ, ಅವರ ಗಡಿಗೆಗಳು ಮೇಲಿನ ಪದರದೊಳಕ್ಕೂ ಕೊಂಚ ನುಸುಳಿವೆ. ಆದಕಾರಣ ಗೋರಿಗಳ ಕಾಲ ಕ್ರಿ.ಪೂ. ಎರಡನೆಯ ಶತಮಾನದಿಂದ ಕ್ರಿ.ಶ. ಮೊದಲ ಶತಮಾನದ ನಡುವಿನವರೆಗೆ. ಬ್ರಹ್ಮಗಿರಿಗೆ ಸಂದ ಕಾಲವನ್ನು ಅದೇ ಗಡಿಗೆ, ಅದೇ ಕಬ್ಬಿಣವುಳ್ಳ ಜೇವರ್ಗಿಗೂ ಸಲ್ಲಿಸಲಾಯಿತು.

ಹೀಗೆ, ರೋಮಿನ ಬಟ್ಟಲು ಜೇವರ್ಗಿಯ ಗೋರಿಯೊಳಗೆ ಬರಲಿಲ್ಲವಾದರೂ ಅದರ ನೆರಳು ಬಂತು. ಸರಪಳಿಯ ಯಾವ ಕೊಂಡಿ ಸಡಿಲ? ಈ ಗಡಿಯಾರ ತೋರಿಸಿದ್ದು ಗೋರಿಗಳ ಕಾಲ ಮುಗಿದ ಗಳಿಗೆಯನ್ನು. ಆರಂಭವಾದದ್ದು ಯಾವಾಗ ಎಂಬುದನ್ನು ಪದರದ ದಪ್ಪದಿಂದ ಊಹಿಸಿದರು, ಆ ಊಹೆಯೇ ಕಾಲವೆಂದು ನಿಂತಿತು. ಮುಂದೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ನಡೆಸಿದ ಅಗೆತದ ಇದ್ದಲಿನ ಚೂರುಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ, ಕಬ್ಬಿಣವೂ ಕಪ್ಪು-ಕೆಂಪು ಗಡಿಗೆಯೂ ಅಲ್ಲಿ ಕ್ರಿ.ಪೂ. ಸುಮಾರು ೧೦೦೦ದಲ್ಲೇ ಇದ್ದವೆಂದು ತೋರಿತು. ದಾವಣಗೆರೆ ಸೀಮೆಯ ಕೋಮಾರನಹಳ್ಳಿಯ ಗಡಿಗೆಗಳು ಇನ್ನೂ ಹಿಂದಕ್ಕೆ ಹೋದವು. ರೋಮ್ ನಗರ ಹುಟ್ಟಿತೆಂದು ರೋಮನರೇ ಹೇಳಿಕೊಂಡ ವರ್ಷ ಕ್ರಿ.ಪೂ. ೭೫೩. ಚುಕ್ಕೆಗೀರಿನ ತಟ್ಟೆಯ ಕಥೆಯೂ ಬದಲಾಯಿತು. ಅದು ರೋಮಿನ ಅನುಕರಣವೆಂದು ತಿಳಿದಿದ್ದರು; ವಿಮಲಾ ಬೇಗ್ಲೆಯವರು ೧೯೮೩ರಿಂದ ಬರೆದ ಲೇಖನಗಳಲ್ಲಿ, ಅರಿಕಮೇಡುವಿನಲ್ಲೇ ಅದು ಅರೆತ್ಸೊದ ತಟ್ಟೆ ಬರುವ ಮುಂಚಿನಿಂದ ಇತ್ತೆಂದು ತೋರಿಸಿದರು. ರೋಮಿನವೆಂದು ಪಟ್ಟಿಮಾಡಿದ್ದ ಹರವಿಯ ಚೂರುಗಳಲ್ಲಿ ಎಷ್ಟೋ ಚೂರುಗಳು ಮೆಸೊಪೊಟೇಮಿಯದ ಕಡೆಯವೆಂದು ರಾಬರ್ಟಾ ಟಾಂಬರ್ ಗುರುತಿಸಿದ್ದಾರೆ.

ವ್ಹೀಲರರ ಕಾಲದಲ್ಲಿ ಇದ್ದಲಿನ ಪರೀಕ್ಷೆ ಇರಲಿಲ್ಲ, ಇದ್ದ ಒಂದೇ ಗಡಿಯಾರವನ್ನು ಅವರು ಬಳಸಿದರು ಎಂದು ಹೇಳುವವರಿದ್ದಾರೆ. ಒಪ್ಪುತ್ತೇನೆ. ನನ್ನ ತಕರಾರು ಕಾಲಗಣನೆಯ ಮೇಲಲ್ಲ, ಪುಸ್ತಕದ ದೃಷ್ಟಿಯ ಮೇಲೆ. ಅದರಲ್ಲಿ ಹೋಬಿಯ ನಾಯಕನಿಗೆ ಮುಖವಿದೆ. ಅವನ ಬಟ್ಟಲು, ಅವನ ಗೆಳೆಯ ಸೇನಾಪತಿ, ಅವನ ಹೆಮ್ಮೆ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ದಕ್ಷಿಣಾಪಥದ ಮನುಷ್ಯ ಬರುವುದು ಸಾಮಾನು ಇಳಿಸಿಕೊಳ್ಳುವ ಬಂದರದ ಆಳಾಗಿ. ರೋಮಿನ ಬಟ್ಟಲು ಎಲ್ಲೆಲ್ಲಿ ತಲುಪಿತೆಂದು ಕೇಳುವ ಪುಸ್ತಕ, ತಲುಪದ ಕಡೆ ಜನ ಏನಿಟ್ಟು ಹೂಳಿದರೆಂದು ಕೇಳುವುದಿಲ್ಲ.

ಏನಿಟ್ಟರು? ಗಡಿಗೆಗಳನ್ನೇ ನೋಡೋಣ. ಹೊರಗೆ ಕೆಂಪು, ಒಳಗೂ ಕಂಠದ ಸುತ್ತಲೂ ಕಪ್ಪು, ಮೈಯೆಲ್ಲ ಉಜ್ಜಿ ಉಜ್ಜಿ ತಂದ ಮಿನುಗು. ಬಾಯಿ ಕೆಳಗೆ ಮಾಡಿ ಹೊಟ್ಟು-ಬೂದಿಯಲ್ಲಿ ಊರಿ ಸುಟ್ಟರೆ, ಗಾಳಿ ತಾಗದ ಭಾಗ ಮಸಿ ಹೀರಿ ಕಪ್ಪಾಗುತ್ತದೆ, ಗಾಳಿ ತಾಗಿದ್ದು ಕೆಂಪಾಗುತ್ತದೆ. ಕೇಳಲು ಸುಲಭ; ಆವಿಗೆಯ ಮುಂದೆ ಕುಳಿತ ಯಾವ ಕುಂಬಾರನನ್ನಾದರೂ ಕೇಳಿ, ಎರಡು ಬಣ್ಣದ ನಡುವಿನ ಅಂಚು ಒಂದೇ ಎತ್ತರದಲ್ಲಿ ನಿಲ್ಲುವಂತೆ ಸುಡುವುದು ಎಂಥ ಕಷ್ಟವೆಂದು ಹೇಳುತ್ತಾನೆ. ಬೋಗುಣಿ, ಅದಕ್ಕೆ ಶಂಕುವಿನಾಕಾರದ ಮುಚ್ಚಳ, ಗುಂಡುತಳದ ಗಡಿಗೆ ಉರುಳದಂತೆ ನಿಲ್ಲಿಸಲು ಮಣ್ಣಿನ ಸಿಂಬೆ. ಅರೆತ್ಸೊದ ಕುಂಬಾರ ತಳಕ್ಕೆ ತನ್ನ ಹೆಸರೊತ್ತಿದ. ಇವರು ಗಡಿಗೆ ಸುಟ್ಟ ಮೇಲೆ ಮೈಮೇಲೆ ಒಂದು ಗೀರುಗುರುತು ಮಾಡಿದರು. ಅದು ಮಾಡಿದವನ ಗುರುತೋ, ಸತ್ತವನ ಮನೆತನದ್ದೋ, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ನನಗೆ ಎರಡನೆಯದರ ಕಡೆ ಒಲವು; ಅಂಗಡಿಯಲ್ಲಿ ಮಾರುವ ಗಡಿಗೆಗೆ ಸುಟ್ಟ ಮೇಲೆ ಕೂತು ಗೀರು ಹಾಕುವ ವ್ಯವಧಾನ ಯಾವ ಕುಂಬಾರನಿಗಿದ್ದೀತು?

ಇಷ್ಟಾದ ಮೇಲೆ, ಹೋಬಿಯ ಬಟ್ಟಲಿನಂಥದು ಇಲ್ಲೇಕಿಲ್ಲ ಎಂಬ ಪ್ರಶ್ನೆಗೆ ಮೊದಲ ಉತ್ತರ ಸರಳ. ಜೇವರ್ಗಿಯ ಪದ್ಧತಿಯ ಗೋರಿಗಳು ಕಟ್ಟತೊಡಗಿದಾಗ ಕೊಡಲು ರೋಮೇ ಇರಲಿಲ್ಲ. ರೋಮಿನ ಸಾಮಾನು ತೇರ್‌ಗೆ ಬರುವ ಹೊತ್ತಿಗೆ ಗೋರಿ ಕಟ್ಟುವ ರೂಢಿ ಅಸ್ತಮಿಸುತ್ತಿತ್ತು. ಸಿರಿವಂತರು ಪುಣ್ಯಕ್ಕಾಗಿ ಕೊಟ್ಟದ್ದು ಸನ್ನತಿಯ ಸ್ತೂಪಕ್ಕೆ, ಸ್ವಂತ ಗೋರಿಗಲ್ಲ. ಬಂದ ಬೆಳ್ಳಿಯನ್ನೂ ಇಲ್ಲಿಯವರು ಬೆಳ್ಳಿಯಾಗಿಯೇ ಕಂಡರು. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ಸಿಕ್ಕ ೧೬೩ ರೋಮನ್ ನಾಣ್ಯಗಳು ಹೂತಿಟ್ಟ ನಿಧಿಯೇ ಹೊರತು ಯಾರ ಗೋರಿಯದೂ ಅಲ್ಲ. ಎರಡನೆಯ ಉತ್ತರ ಸ್ವಭಾವದ್ದು. ಜರ್ಮನ್ ನಾಯಕ ತಾನು ದೊಡ್ಡವರ ಗೆಳೆಯನೆಂದು ತೋರಿಸಲು ಬಟ್ಟಲಿಟ್ಟ. ಭೀಮೆಯ ದಂಡೆಯವರು ಇಟ್ಟದ್ದು ದಿನದ ಅಂಬಲಿಗೆ ಬೇಕಾದ ಬೋಗುಣಿ, ನೀರಿನ ಗಡಿಗೆ. ಇದನ್ನು ಸಾಧಿಸಿ ತೋರಿಸಲಾರೆ, ಆದರೆ ಟೇಲರನ ಚಿತ್ರಗಳನ್ನು ನೋಡಿದಾಗಲೆಲ್ಲ ಹಾಗೆ ಅನ್ನಿಸುತ್ತದೆ.

ಕೊನೆಯದಾಗಿ ಪುಸ್ತಕದ ವಿಚಾರ. ಅ. ಸುಂದರ ಅವರು ಉತ್ತರ ಕರ್ನಾಟಕದ ಕಲ್ಲುಗೋರಿಗಳನ್ನು ನಡೆದು ನೋಡಿ ೧೯೭೫ರಲ್ಲಿ ಒಂದು ಉತ್ತಮ ಗ್ರಂಥ ಬರೆದರು, ಅದೂ ಇಂಗ್ಲಿಷಿನಲ್ಲೇ. ಟೇಲರನ ಜೇವರ್ಗಿ ಪ್ರಬಂಧವನ್ನು ಚಿತ್ರಸಮೇತ ಕನ್ನಡಕ್ಕೆ ತಂದು, ತಪ್ಪಾದ ಕಡೆ ಅಡಿಟಿಪ್ಪಣಿ ಹಾಕಿ ಆರಾಣೆಯ ಪುಸ್ತಿಕೆಯಂತೆ ಅಗ್ಗವಾಗಿ ಅಚ್ಚುಹಾಕಿಸುವ ಕೆಲಸವನ್ನು ಯಾವುದಾದರೂ ವಿದ್ಯಾಪೀಠ ಮಾಡಬೇಕು. ತಡಮಾಡಿದರೆ ಪುಸ್ತಕಕ್ಕೆ ನಷ್ಟವಿಲ್ಲ, ಗೋರಿಗಳಿಗಿದೆ. ಬದುವಿಗೆ, ಗೋಡೆಗೆ, ರಸ್ತೆಯ ಜಲ್ಲಿಗೆ ಕಲ್ಲು ಬೇಕಾದಾಗ ಹೊಲದ ನಡುವಿನ ದುಂಡುಸಾಲು ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ತೊಗರಿ ಬಿತ್ತುವ ರೈತನಿಗೆ ಅದು ಕೂರಿಗೆಗೆ ಅಡ್ಡಿ. ಆ ಕಲ್ಲು ಏನೆಂದು ಅವನ ಭಾಷೆಯಲ್ಲಿ ಯಾರೂ ಬರೆದುಕೊಟ್ಟಿಲ್ಲದಿರುವಾಗ ಅವನನ್ನು ಬೈಯುವುದು ನ್ಯಾಯವಲ್ಲ. ಅನುವಾದ ಮಾಡುವವರಿಗೆ ಒಂದೇ ಸೂಚನೆ: ಪಾತ್ರೆಗಳ ಹೆಸರಿಗೆ ಸಂಸ್ಕೃತದ ಹೊಸ ಶಬ್ದ ಕಟ್ಟಬೇಡಿ, ಟೇಲರನ ಚಿತ್ರದ ಹಾಳೆಗಳನ್ನು ಜೇವರ್ಗಿಯ ಯಾವುದಾದರೂ ಕುಂಬಾರರ ಮನೆಗೆ ಒಯ್ದು ತೋರಿಸಿ, ಅವರು ಹೇಳಿದ ಹೆಸರು ಬರೆದುಕೊಳ್ಳಿ.